ಬಸ್ಸಿನ ಪಾಳಿ

ನನ್ನ ಬಾಯಿ ಜೋರು. ಇದು ಹೆಮ್ಮೆಯಿಂದ ಹೇಳಿಕೊಳ್ಳುವ ಮಾತಲ್ಲ, ಬೇವಿನಗಟ್ಟಿಯ ಅಷ್ಟೂ ಮಂದಿ ಹೇಳುವ ಮಾತು. ಅಷ್ಟೂ ಮಂದಿ ಅಂದರೆ ಎಷ್ಟು? ಅಂಗನವಾಡಿಯ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ಬರೆದಿದ್ದಾರೆ, ಜನಸಂಖ್ಯೆ ಮುನ್ನೂರ ಹನ್ನೆರಡು. ಬರೆದವರು ಯಾವ ಕಣ್ಣಿಂದ ಎಣಿಸಿದರೋ! ಬೆಳಿಗ್ಗೆ ಎಂಟಕ್ಕೆ ಊರೊಳಗೆ ಒಂದು ಸುತ್ತು ಹಾಕಿದರೆ ನೂರೈವತ್ತು ತಲೆ ಸಿಕ್ಕರೆ ಪುಣ್ಯ. ಉಳಿದವರು ಗೋವೆಯಲ್ಲೋ ಮಂಗಳೂರಿನಲ್ಲೋ ಸಿಮೆಂಟು ಹೊರುತ್ತಿದ್ದಾರೆ, ಗೋಡೆಯ ಮೇಲೆ ಮಾತ್ರ ಇಲ್ಲೇ ಇದ್ದಾರೆ. ನನ್ನ ತಂಗಿ ನೀಲಾ ಇದಕ್ಕೆ ತಿರುವು ಮುರುವು. ಅವಳು ಇದ್ದದ್ದು ಇಲ್ಲಿ, ಹೆಸರು ಇದ್ದದ್ದು ಗಂಡನ ಊರು ಮಾಸೂರಿನಲ್ಲಿ.

ನೀಲಾ ನನಗಿಂತ ಹದಿನೇಳು ವರ್ಷ ಸಣ್ಣವಳು. ಅವ್ವ ಅವಳನ್ನು ಹಡೆದು ಕಣ್ಣು ಮುಚ್ಚಿದಳು, ಕುಂಚಿಗೆ ಕಟ್ಟಿ ಬೆಳೆಸಿದವಳು ನಾನು. ಮೂವತ್ತಾರನೇ ವಯಸ್ಸಿಗೆ ಅವಳ ಎರಡೂ ಕಿಡ್ನಿ ಕೆಟ್ಟವು. ಗಂಡ ಅನ್ನಿಸಿಕೊಂಡವನು ಒಂದು ದಿನ ಅವಳನ್ನು ತಂದು ನನ್ನ ಕಟ್ಟೆಯ ಮೇಲೆ ಕೂಡಿಸಿ, "ಅನ್ನವ್ವಕ್ಕಾರ, ಸವಣೂರ ದವಾಖಾನಿ ನಿಮಗ ಸಮೀಪ ಆಗತೈತ್ರಿ" ಅಂದ. ನಾನು ಮಾಡಿಕೊಟ್ಟ ಚಹಾವನ್ನೂ ಕುಡಿದು ಹೋದ. ಆಮೇಲೆ ಈ ಕಡೆ ಮುಖ ಹಾಕಲಿಲ್ಲ. ಅವನ ಬಾಯಲ್ಲಿ ಮಣ್ಣು ಬೀಳಲಿ.

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ನೀಲಾಳಿಗೆ ಡಯಾಲಿಸಿಸ್ ಆಗಬೇಕು. ಊರ ಮಾತಿನಲ್ಲಿ ರಕ್ತ ತೊಳೆಯುವುದು. ಯಂತ್ರಕ್ಕೆ ಹಚ್ಚಿದರೆ ನಾಲ್ಕು ತಾಸು. ತಪ್ಪಿಸಿದರೆ ಕುಡಿದ ನೀರೆಲ್ಲ ಮೈಯಲ್ಲೇ ನಿಲ್ಲುತ್ತದೆ, ಮೊದಲು ಕಾಲಿನಲ್ಲಿ, ಆಮೇಲೆ ಎದೆಯಲ್ಲಿ. ಡಾಕ್ಟರು ಬಿಡಿಸಿ ಹೇಳಿದ್ದರು. ದಿನಕ್ಕೆ ಮೂರು ಸಣ್ಣ ಲೋಟ ನೀರು, ಅದರ ಮೇಲೆ ಒಂದು ಗುಟುಕೂ ಇಲ್ಲ. ನಾನು ನೀರಿನ ಕೊಡದ ಬಾಯಿಗೆ ಬೀಸುವ ಕಲ್ಲು ಇಟ್ಟು ಹೊಲಕ್ಕೆ ಹೋಗುತ್ತಿದ್ದೆ. ಅವಳು ನಗುತ್ತಿದ್ದಳು. "ಅಕ್ಕಾ, ಕಳ್ಳರು ಬಂದ್ರ ಬಂಗಾರ ಬಿಟ್ಟು ನೀರಿನ ಕೊಡಾ ಒಯ್ತಾರ ನೋಡು" ಅನ್ನುತ್ತಿದ್ದಳು.

ಸವಣೂರು ಹದಿನೆಂಟು ಕಿಲೋಮೀಟರು. ಊರಿಗೆ ಇದ್ದದ್ದು ಒಂದೇ ಬಸ್ಸು. ಬೆಳಿಗ್ಗೆ ಎಂಟಕ್ಕೆ ಬಂದು ಒಯ್ಯುತ್ತಿತ್ತು, ಸಂಜೆ ಐದಕ್ಕೆ ತಂದು ಬಿಡುತ್ತಿತ್ತು. ಆ ಬಸ್ಸಿದ್ದರೆ ನನ್ನ ತಂಗಿ ಇದ್ದಳು. ಬೇರೆ ದಾರಿ ನಮಗಿರಲಿಲ್ಲ.

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕಂಡಕ್ಟರ್ ಹುಲಗೇಶ ನನ್ನನ್ನು ಬದಿಗೆ ಕರೆದ. ಒಳ್ಳೆಯ ಹುಡುಗ, ನೀಲಾಳಿಗೆ ಬಾಗಿಲ ಹತ್ತಿರದ ಸೀಟು ಹಿಡಿದಿಡುತ್ತಿದ್ದ.

"ಅಕ್ಕಾರ, ನಿಮ್ಮೂರಾಗ ಎರಡ್ಮೂರು ಮಂದಿ ಹತ್ತತಾರ್ರಿ. ಇಪ್ಪತ್ತಾದ್ರೂ ಬೇಕಂತಾರ ಮ್ಯಾಲಿನವರು. ಹಿಂಗ ನಡದ್ರ ಬಸ್ ಬಂದ್ ಮಾಡ್ತಾರ್ರಿ."

"ಯಾಂವ ಬಂದ್ ಮಾಡಾಂವ? ಅವನ ಮನಿಯಾಗ ಬ್ಯಾನಿ ಬೀಳೂದಿಲ್ಲೇನು?" ಅಂದೆ.

"ನನ್ನ ಮ್ಯಾಲ ಯಾಕ ಬರ್ತೀರಿ? ಮಂದಿ ಹತ್ತಿಸ್ರಿ."

ಅಂದು ಸಂಜೆಯೇ ನಾನು ಹನುಮಪ್ಪನ ಗುಡಿ ಕಟ್ಟೆಯ ಮೇಲೆ ನಿಂತು ಊರ ಹೆಂಗಸರನ್ನೆಲ್ಲ ಕೂಡಿಸಿದೆ. ಹಿಂದೆ ನಮ್ಮೂರಲ್ಲಿ ದನ ಕಾಯಲು ಪಾಳಿ ಇತ್ತು. ಇವತ್ತು ಈ ಮನೆಯವರು, ನಾಳೆ ಆ ಮನೆಯವರು ಊರ ದನವನ್ನೆಲ್ಲ ಹೊಡೆದುಕೊಂಡು ಹೋಗಬೇಕು. ಪಾಳಿ ತಪ್ಪಿಸಿದ ಮನೆಗೆ ಯಾರೂ ಮಜ್ಜಿಗೆ ಕೊಡುತ್ತಿರಲಿಲ್ಲ. ಅದೇ ಪಾಳಿಯನ್ನು ನಾನು ಬಸ್ಸಿಗೆ ಹಚ್ಚಿದೆ. ಅರವತ್ತು ಮನೆ, ದಿನಕ್ಕೆ ಇಪ್ಪತ್ತು ಮನೆಯಿಂದ ಒಬ್ಬೊಬ್ಬ ಹೆಂಗಸು ಬಸ್ಸು ಹತ್ತಬೇಕು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೆಟ್ಟು ಬರುತ್ತದೆ. ಸೊನ್ನೆಯಾದರೇನು, ಯಂತ್ರದಲ್ಲಿ ಅದೂ ಒಂದು ಟಿಕೆಟ್ಟೇ.

ನನ್ನ ನೆರೆಮನೆಯ ಮುನವ್ವರಾ ಮೊದಲು ಕೈ ಎತ್ತಿದಳು. "ನೀಲವ್ವನ ಸಲುವಾಗಿ ನಾ ದಿನಾ ಹತ್ತತೇನಿ" ಅಂದಳು. ಅವಳನ್ನು ನೋಡಿ ಉಳಿದವರು ಒಪ್ಪಿದರು. ಒಪ್ಪದವರನ್ನು ನನ್ನ ಬಾಯಿ ಒಪ್ಪಿಸಿತು.

ಮೊದಲ ವಾರ ಜಾತ್ರೆಗೆ ಹೊರಟ ಹಾಗಿತ್ತು. ಇಪ್ಪತ್ತು ಹೆಂಗಸರು ಸವಣೂರಿಗೆ ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಖಾರಾ ಚೂಡಾ ತಿಂದು ಸಂಜೆ ಬಂದರು. ಎರಡನೇ ವಾರಕ್ಕೆ ಗೊಣಗು ಶುರುವಾಯಿತು. ಒಂದು ದಿನ ಹೋಯಿತೆಂದರೆ ಒಂದು ದಿನದ ಕೂಲಿ ಹೋಯಿತು. ಕೆರೆಯಾಚೆಯ ಹೊಲಗಳಿಗೆ ಆಳು ಒಯ್ಯುವ ಟಂಟಂ ಒಂಬತ್ತಕ್ಕೆ ಬರುತ್ತದೆ, ಪಾಳಿಯವರು ಆ ಹೊತ್ತಿಗೆ ಸವಣೂರಲ್ಲಿ ನೊಣ ಹೊಡೆಯುತ್ತಿರುತ್ತಾರೆ. ಮೂರನೇ ವಾರ ಬಸ್ಸಿಗೆ ಬಂದವರು ದಿನಕ್ಕೆ ಹನ್ನೊಂದೇ ಜನ.

ಆಗ ನನಗೆ ಆ ಉಪಾಯ ಹೊಳೆಯಿತು. ಹೊಳೆಯದೆ ಸುಟ್ಟು ಹೋಗಬಾರದಿತ್ತೇ!

ಊರಿಂದ ಮೂರು ಕಿಲೋಮೀಟರಿಗೆ ಬೇವಿನಗಟ್ಟಿ ಕ್ರಾಸ್. ಅಲ್ಲಿ ನಮ್ಮ ರಸ್ತೆ ಹತ್ತಿಮತ್ತೂರು–ಸವಣೂರು ರಸ್ತೆಗೆ ಕೂಡುತ್ತದೆ. "ಕ್ರಾಸ್‌ತನಕ ಟಿಕೆಟ್ ತಗೋರಿ, ಅಲ್ಲೇ ಇಳದು ನಡಕೋತ ಬರ್ರಿ. ಒಂಬತ್ತರೊಳಗ ಊರಾಗ ಇರ್ತೀರಿ, ಪಗಾರನೂ ತಪ್ಪೂದಿಲ್ಲ, ಬಸ್ಸೂ ತಪ್ಪೂದಿಲ್ಲ" ಅಂದೆ. ಎಲ್ಲರ ಮುಖ ಅರಳಿತು. ಅನ್ನವ್ವನ ತಲೆ ಅಂದರೆ ತಲೆ ಅಂದರು. ನಾನೂ ಉಬ್ಬಿದೆ.

ಮುನವ್ವರಾ ಒಬ್ಬಳೇ ಅಡ್ಡ ಮಾತು ಆಡಿದಳು. "ಅನ್ನವ್ವಕ್ಕ, ಎಲ್ಲಾರೂ ಕ್ರಾಸಿಗೇ ಇಳದ್ರ, ಇವರಿಗೆ ಸವಣೂರ ಬಸ್ ಯಾಕ ಬೇಕಂತ ಕೇಳೂದಿಲ್ಲೇನು ಅವರು?"

"ಯವ್ವಾ, ಅವರಿಗೆ ತಲಿ ಎಣಿಸೂದು ಗೊತ್ತು, ಎಲ್ಲಿ ಇಳೀತಾವ ಅಂತ ನೋಡೂದಿಲ್ಲ. ನೀ ಭಾಳ ಶಾಣ್ಯಾಕಿ ಆಗಬ್ಯಾಡ" ಅಂದೆ. ಅವಳು ಸೆರಗು ಸರಿಮಾಡಿಕೊಂಡು ಮನೆಗೆ ನಡೆದಳು. ಹುಲಗೇಶನೂ ಒಮ್ಮೆ, "ಸವಣೂರ ತನಕ ತಗೊಂಡ್ರ ಚಲೋ ಇತ್ತಲ್ರಿ" ಅಂದ. ಕ್ರಾಸಿಗೆ ಇಳಿಯುವವರಿಗೆ ಸವಣೂರಿನ ಟಿಕೆಟ್ಟು ಹರಿಯಲು ಅವನಿಗೆ ಬರುವಂತಿರಲಿಲ್ಲ, ತಪಾಸಣೆಯವರು ಹಿಡಿದರೆ ನೌಕರಿ ಹೋಗುತ್ತದೆ. "ನೀ ಕ್ರಾಸಿನ ಟಿಕೆಟ್ ಹರದು ಕೊಡೋ ತಮ್ಮಾ, ಹರಿಯೂದಷ್ಟ ನಿನ್ನ ಕೆಲಸ" ಅಂದೆ. ಅವನ ಬಾಯನ್ನೂ ಮುಚ್ಚಿಸಿದೆ.

ಎಂಟು ತಿಂಗಳು ಪಾಳಿ ತಪ್ಪಲಿಲ್ಲ. ಸುಳ್ಳು ಹೇಳಲಾರೆ, ಚೆನ್ನಾಗಿತ್ತು. ಬೆಳಿಗ್ಗೆ ಎಂಟಕ್ಕೆ ಬಸ್ಸು ತುಂಬಿ ಹೊರಡುತ್ತಿತ್ತು. ಆ ಮೂರು ಕಿಲೋಮೀಟರಿನೊಳಗೆ ಅತ್ತೆಯರ ಸುದ್ದಿ, ಸೊಸೆಯರ ಸುದ್ದಿ, ಯಾರ ಕೋಳಿ ಯಾರ ಹಿತ್ತಲಲ್ಲಿ ಮೊಟ್ಟೆ ಇಟ್ಟಿತು ಅನ್ನುವ ಜಗಳ, ಎಲ್ಲ ಮುಗಿಯುತ್ತಿತ್ತು. ಕ್ರಾಸ್ ಬಂದೊಡನೆ ಬಸ್ಸು ಬರಿದಾಗುತ್ತಿತ್ತು. ಇಳಿಯುವ ಹೆಂಗಸರು ನೀಲಾಳ ತಲೆ ಮುಟ್ಟಿ, ಗಲ್ಲ ಹಿಂಡಿ ಇಳಿಯುತ್ತಿದ್ದರು. ಆಮೇಲೆ ಊರವರೆಂದು ನಾನೂ ನೀಲಾಳೂ ಮಾತ್ರ ಉಳಿಯುತ್ತಿದ್ದೆವು. ನೀಲಾ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಎಡಗೈಯನ್ನು ಮಡಿಲಲ್ಲಿ ಜೋಪಾನ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ನಾನು ಹುಲಗೇಶನಿಗೆ, "ಸವಣೂರ, ಎರಡು" ಅನ್ನುತ್ತಿದ್ದೆ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ.

"ಅಕ್ಕಾ, ನನ್ನ ಒಬ್ಬಾಕಿ ಸಲುವಾಗಿ ಇಡೀ ಊರ ಬಸ್ ಹತ್ತಾಕತ್ತೈತಿ. ಹಿಂಗ ಯಾ ರಾಣಿಗಿ ಇತ್ತ?" ಅಂದಿದ್ದಳು ಒಮ್ಮೆ.

"ಬಾಯಿ ಮುಚ್ಚು, ದೃಷ್ಟಿ ಆಗತೈತಿ" ಅಂದಿದ್ದೆ.

ಜೂನ್ ತಿಂಗಳ ಕೊನೆಗೆ ಹುಲಗೇಶ ನನ್ನ ಮುಖ ನೋಡದೆ ಹೇಳಿದ. ಒಂದನೇ ತಾರೀಖಿನಿಂದ ಬಸ್ಸು ಊರೊಳಗೆ ಬರುವುದಿಲ್ಲ. ಹತ್ತಿಮತ್ತೂರಿನಿಂದ ಸವಣೂರಿಗೆ ನೇರ ಹೋಗುತ್ತದೆ, ಕ್ರಾಸಿನಲ್ಲಿ ನಿಲ್ಲುತ್ತದೆ.

ಅಂದು ಮುನವ್ವರಾ ಕ್ರಾಸಿಗೆ ಇಳಿಯದೆ ನಮ್ಮ ಜೊತೆ ಬಂದಳು. ನೀಲಾಳನ್ನು ಯಂತ್ರಕ್ಕೆ ಹಚ್ಚಿದ ಮೇಲೆ ನಾನೂ ಮುನವ್ವರಾಳೂ ಬಸ್ಸಿನ ಕಚೇರಿಗೆ ಹೋದೆವು. ಕುರ್ಚಿಯಲ್ಲಿದ್ದ ಸಾಹೇಬರು ಬೇರೆ ಕಡೆಯವರು, ಸಿಟ್ಟಿನವರಲ್ಲ. ಕೂರಲು ಹೇಳಿದರು. ಒಂದು ಹಾಳೆ ತೆಗೆದು ನನ್ನ ಮುಂದೆ ಇಟ್ಟರು.

"ನೋಡಿ ಅಮ್ಮ, ನಿಮ್ಮೂರಿನ ಟಿಕೆಟ್ಟು ನಾನೇ ಕೂತು ನೋಡಿದ್ದೇನೆ. ದಿನಾ ಇಪ್ಪತ್ತಕ್ಕೂ ಹೆಚ್ಚು ಜನ ಹತ್ತುತ್ತಾರೆ, ಬಹಳ ಸಂತೋಷ. ಆದರೆ ಎಲ್ಲರೂ ಕ್ರಾಸಿಗೇ ಇಳೀತಾರೆ. ಸಂಜೆ ಅಲ್ಲಿಂದ ಊರಿಗೆ ಹತ್ತೋರು ಒಬ್ಬರೂ ಇಲ್ಲ. ಅಂದರೆ ಬರುವಾಗ ನಡೆದು ಬರ್ತೀರಿ. ಬರುವಾಗ ನಡೆಯೋರು ಹೋಗುವಾಗಲೂ ನಡೀಬಹುದಲ್ವಾ? ಅದಕ್ಕೇ ಕ್ರಾಸಿಗೆ ಒಂದರ ಬದಲು ದಿನಕ್ಕೆ ನಾಲ್ಕು ಬಸ್ಸು ಮಾಡಿದ್ದೇವೆ. ನಿಮ್ಮ ಅನುಕೂಲಕ್ಕೇ ಮಾಡಿದ್ದು."

ನಾನು ಹಾಳೆಯ ಮೇಲೆ ಬಗ್ಗಿದೆ. "ಸವಣೂರಿಗೆ ಹೋಗೂ ಟಿಕೆಟ್ ಇಲ್ಲೇನ್ರಿ ಅದರಾಗ?"

ಅವರು ಬೆರಳು ಜಾರಿಸಿ ಹುಡುಕಿದರು. "ಇದೆ. ಮಂಗಳವಾರ, ಶುಕ್ರವಾರ ಎರಡೆರಡು. ಉಳಿದ ದಿನ ಒಂದೋ ಎರಡೋ."

"ಆ ಎರಡು ನಾನು, ನನ್ನ ತಂಗಿ. ಆಕಿಗೆ ರಕ್ತ ತೊಳಸಬೇಕ್ರಿ. ಆಕಿ ನಡಿಯೂದಿಲ್ರಿ, ಹತ್ತ ಹೆಜ್ಜಿಗೆ ದಮ್ಮ ಹತ್ತತೈತಿ."

ಸಾಹೇಬರ ಮುಖ ಸಣ್ಣದಾಯಿತು. "ಇಬ್ಬರಿಗಾಗಿ ಬಸ್ಸು ಬಿಡೋದಕ್ಕೆ ನನ್ನಿಂದ ಆಗಲ್ಲ ಅಮ್ಮ."

ಆಗ ನಾನು ಎಲ್ಲ ಹೇಳಿಬಿಟ್ಟೆ. ಪಾಳಿ ಹಚ್ಚಿದವಳು ನಾನು. ಆ ಹೆಂಗಸರಿಗೆ ಕ್ರಾಸಿನಲ್ಲಿ ಕವಡೆ ಕಾಸಿನ ಕೆಲಸ ಇರಲಿಲ್ಲ, ಬಸ್ಸು ಉಳಿಯಲೆಂದು ಹತ್ತಿದರು, ಕೂಲಿ ಉಳಿಯಲೆಂದು ಇಳಿದರು. ಆ ಟಿಕೆಟ್ಟೆಲ್ಲ ಸುಳ್ಳು. ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ಇದನ್ನ ಬೇರೆ ಯಾರ ಮುಂದೆಯೂ ಹೇಳಬೇಡಿ. ಅದೆಲ್ಲ ಸುಳ್ಳಾದರೆ ನಿಮ್ಮೂರಲ್ಲಿ ಬಸ್ಸಿಗೆ ಬರೋರು ಇಬ್ಬರೋ ಮೂವರೋ ಅಂತಾಯ್ತು. ಕ್ರಾಸಿನ ಬಸ್ಸೂ ಕಡಿಮೆ ಮಾಡ್ತಾರೆ."

ಬೈಯಲು ಬಾಯಿ ತೆಗೆದೆ. ಬೈಗುಳ ಬರಲಿಲ್ಲ. ಇಡೀ ಊರಿಗೆ ಹೆದರಿಕೆ ಹುಟ್ಟಿಸಿದ ಬಾಯಿ ಆ ಮೇಜಿನ ಮುಂದೆ ಸುಮ್ಮನೆ ತೆರೆದುಕೊಂಡೇ ನಿಂತಿತು. ಹೊರಗೆ ಬಂದ ಮೇಲೆ ಮುನವ್ವರಾ ನನ್ನ ಕೈ ಹಿಡಿದುಕೊಂಡಳು. ನಾನು ಅವತ್ತೇ ಹೇಳಿರಲಿಲ್ಲವೇ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

ಜುಲೈ ಒಂದರಂದು ಎಂಟು ಗಂಟೆಗೆ ಊರು ಸುಮ್ಮನಿತ್ತು.

ಮೊದಲು ಯಾರ್ಯಾರದೋ ಬೈಕಿನ ಹಿಂದೆ ಕೂಡಿಸಿ ಕ್ರಾಸ್ ಮುಟ್ಟಿಸಿದೆವು. ಎರಡನೇ ವಾರ ನೀಲಾ ಕಣ್ಣು ಕತ್ತಲಿಟ್ಟು ಬೈಕಿಂದ ಬಿದ್ದಳು, ಸೂಜಿ ಚುಚ್ಚುವ ಕೈಯೇ ನೆಲಕ್ಕೆ ಬಡಿಯಿತು. ಆಮೇಲೆ ಅವಳು ಬೈಕು ಹತ್ತಲು ಒಪ್ಪಲಿಲ್ಲ. ಸವಣೂರಿಂದ ಆಟೋ ಕರೆಸುವ ತಾಕತ್ತು ನನ್ನ ಕೂಲಿಗೆ ಇರಲಿಲ್ಲ. ಕೊನೆಗೆ ಮುನವ್ವರಾ ತನ್ನ ನೀರಿನ ಗಾಡಿ ತಂದಳು. ನಮ್ಮ ಕಡೆ ನಲ್ಲಿಯಿಂದ ನಾಲ್ಕು ಕೊಡ ಇಟ್ಟು ತಳ್ಳಿಕೊಂಡು ಬರುವ ಸಣ್ಣ ಕಬ್ಬಿಣದ ಗಾಡಿ. ಅದರ ಮೇಲೆ ಹಲಗೆ ಹಾಕಿ, ಕೌದಿ ಮಡಚಿ ಹಾಸಿ, ನೀಲಾಳನ್ನು ಕೂಡಿಸಿದೆವು.

"ನೀರು ಕುಡಿಯಬ್ಯಾಡ ಅಂತ ಹೇಳಿ ನೀರಿನ ಗಾಡ್ಯಾಗ ಕುಂಡರಿಸೀರಲ್ಲ" ಎಂದು ನಕ್ಕಳು. ನಕ್ಕದ್ದಕ್ಕೇ ದಮ್ಮು ಹತ್ತಿತು.

ಬಸ್ಸಿನ ಪಾಳಿ ಹೋಗಿ ಗಾಡಿಯ ಪಾಳಿ ಬಂತು. ನನ್ನ ಜೊತೆ ದಿನಕ್ಕೆ ಎರಡು ಮನೆಯಿಂದ ಇಬ್ಬರು ತಳ್ಳಬೇಕು. ಬಸ್ಸು ನಿಂತ ಮೇಲೆ ಆ ರಸ್ತೆಯ ಕಡೆ ಯಾರೂ ನೋಡಲಿಲ್ಲ, ಮಳೆಗೆ ಡಾಂಬರು ಕಿತ್ತು ಮೊಣಕಾಲುದ್ದ ತಗ್ಗು ಬಿದ್ದಿದ್ದವು. ಒಂದು ತಾಸು, ಒಂದೂಕಾಲು ತಾಸು ಹಿಡಿಯುತ್ತಿತ್ತು. ಜನ ಬಂದರು. ನಾನು ಬೈದು ಕರೆಯಲಿಲ್ಲ, ತಾವಾಗಿಯೇ ಬಂದರು. ಆ ಋಣ ನಾನು ಮರೆಯುವವಳಲ್ಲ.

ಶ್ರಾವಣದ ಎರಡನೇ ಮಂಗಳವಾರ ಮಳೆ ಹಿಡಿದು ಹೊಡೆಯಿತು. ಹಳ್ಳದ ಮೋರಿಯ ಮೇಲೆ ನೀರು, ಗಾಡಿ ಹೋಗಲಿಲ್ಲ, ಆ ಸಲದ ಡಯಾಲಿಸಿಸ್ ತಪ್ಪಿತು. ಶುಕ್ರವಾರದ ಹೊತ್ತಿಗೆ ನೀಲಾಳ ಕಾಲು ಕಂಬದಂತೆ ಬಾತಿದ್ದವು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ಆನಿಸಿ ಕೂಡಿಸಿದ್ದೆ. ಆಂಬುಲೆನ್ಸಿನವರು ಮೋರಿ ದಾಟಿ ಊರೊಳಗೆ ಬರಲಾಗದು ಅಂದಿದ್ದರು. ಅಂದು ಪಾಳಿಯ ಇಬ್ಬರೂ ಬರಲಿಲ್ಲ. ಹಾನಗಲ್ ಕಡೆಯ ಶುಂಠಿ ಹೊಲಕ್ಕೆ ದುಪ್ಪಟ್ಟು ಕೂಲಿ ಎಂದು ಬೆಳಿಗ್ಗೆ ಆರಕ್ಕೇ ಟಂಟಂ ಬಂದಿತ್ತು, ಅರ್ಧ ಊರು ಅದರಲ್ಲಿ ಹೋಗಿತ್ತು. ನಾನು ಯಾರನ್ನು ಬೈಯಲಿ? ಕೂಲಿ ತಪ್ಪದ ಹಾಗೆ ಪಾಳಿ ಮಾಡಿ ಎಂದು ಕಲಿಸಿದವಳೇ ನಾನು.

ಮುನವ್ವರಾ ಬಂದಳು. ಇಬ್ಬರೇ ತಳ್ಳಿದೆವು. ಮೋರಿ ದಾಟಿ ಏರು ಹತ್ತುವಾಗ ತಗ್ಗಿಗೆ ಬಿದ್ದ ಗಾಡಿಯ ಗಾಲಿ ಲಟಕ್ಕನೆ ಮುರಿದು ವಾಲಿತು. ಇನ್ನು ಅರ್ಧ ಕಿಲೋಮೀಟರು. ಅಲ್ಲಿಂದ ಕ್ರಾಸ್ ಚೊಕ್ಕ ಕಾಣುತ್ತದೆ. ನೀಲಾಳ ಬಲಗೈ ನನ್ನ ಕೊರಳಿಗೆ ಹಾಕಿಕೊಂಡು ನಡೆಸಿದೆ. ಐದು ಹೆಜ್ಜೆ, ಕೂಡುವುದು. ಮತ್ತೆ ಐದು ಹೆಜ್ಜೆ, ಕೂಡುವುದು. ಕೆಂಪು ಬಸ್ಸು ಬಂದು ನಿಂತದ್ದು ಮೂವರಿಗೂ ಕಂಡಿತು. ಮುನವ್ವರಾ ಚಪ್ಪಲಿ ಬಿಟ್ಟು ಓಡಿದಳು, ಐವತ್ತು ವರ್ಷದ ಹೆಂಗಸು, "ಹುಲಗೇಶಪ್ಪಾ, ನಿಲ್ಲಸೋ! ನಿಲ್ಲಸೋ!" ಎಂದು ಕೂಗುತ್ತ. ಅಂದು ಹುಲಗೇಶನಿಗೆ ರಜೆ. ಬೇರೆ ಯಾರೋ ಇದ್ದರು. ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಹೊತ್ತಾಗಿತ್ತೋ. ಬಸ್ಸು ಹೋಯಿತು.

ನೀಲಾ ಕಿಲೋಮೀಟರಿನ ಕಲ್ಲಿಗೆ ಒರಗಿ ಕೂತಳು. ಬಾಯಿ ತೆರೆದು ಗಾಳಿಯನ್ನು ಕಚ್ಚಿ ಕಚ್ಚಿ ಎಳೆದುಕೊಳ್ಳುತ್ತಿದ್ದಳು. ನಾನು ಆಂಬುಲೆನ್ಸಿಗೆ ಫೋನು ಹಚ್ಚಿದೆ, ಬರುತ್ತೇವೆ ಅಂದರು.

"ಅಕ್ಕಾ, ನೀರು."

ನನ್ನ ಕೈಚೀಲದಲ್ಲಿ ನೀರಿನ ಬಾಟಲಿ ಇತ್ತು. ಕೊಟ್ಟರೆ ಎದೆಗೆ ಹೋಗುತ್ತದೆ ಎಂದು ಗೊತ್ತು. "ಬ್ಯಾಡ ನನ್ನವ್ವ, ಸವಣೂರ ಮುಟ್ಟಿದ ಮ್ಯಾಲ ಕೊಡ್ತೇನಿ" ಅಂದೆ. ಅವಳು ತಲೆ ಆಡಿಸಿದಳು. ಸಣ್ಣವಳಿದ್ದಾಗಲೂ ಹಾಗೆಯೇ, ನಾನು ಹೇಳಿದ್ದನ್ನು ನಂಬುತ್ತಿದ್ದಳು. ಆಂಬುಲೆನ್ಸು ಬೇಗನೇ ಬಂತು. ನೀಲಾ ಅದಕ್ಕೂ ಮೊದಲೇ ಹೋಗಿದ್ದಳು. ಆ ನೀರನ್ನು ಕೊಟ್ಟುಬಿಡಬೇಕಿತ್ತು. ಈಗ ದಿನವೂ ಅದೇ ಅನ್ನಿಸುತ್ತದೆ, ಕೊಟ್ಟುಬಿಡಬೇಕಿತ್ತು.

ಅಂಗನವಾಡಿಯ ಟೀಚರು ಮನೆಗೆ ಬಂದು ಅತ್ತರು. ಗೋಡೆಯ ಮೇಲಿನ ಸಂಖ್ಯೆ ಬದಲಾಗಲಿಲ್ಲ. ನೀಲಾ ಅದರಲ್ಲಿ ಇರಲೇ ಇಲ್ಲವಲ್ಲ.

ದಿನಕರ್ಮ ಮುಗಿದ ಮೇಲೆ ದವಾಖಾನೆಯಿಂದ ಅವಳ ಕಾಗದಪತ್ರ ತರಬೇಕಿತ್ತು. ಮಂಗಳವಾರ ಬೆಳಿಗ್ಗೆ ಒಬ್ಬಳೇ ಹೊರಟೆ. ಕ್ರಾಸ್ ಮುಟ್ಟಿದಾಗ ಅಲ್ಲಿ ನಮ್ಮೂರ ಹೆಂಗಸರು ನಿಂತಿದ್ದರು. ಹತ್ತಲ್ಲ, ಇಪ್ಪತ್ತಲ್ಲ, ನಾಲ್ವತ್ತರ ಮೇಲೆ. ಶುಂಠಿ ಹೊಲಕ್ಕೆ ಹೋಗಿದ್ದ ಆ ಇಬ್ಬರೂ ಇದ್ದರು, ತಲೆ ತಗ್ಗಿಸಿ.

"ಏನಿದು? ಇವತ್ತ ಯಾರದು ಪಾಳಿ?" ಅಂದೆ.

ಮುನವ್ವರಾ ಮುಂದೆ ಬಂದಳು. "ಪಾಳಿ ಇಲ್ಲಕ್ಕ. ಎಲ್ಲಾರೂ ಬಂದೇವಿ. ಸವಣೂರ ತನಕ."

ನನಗೆ ಎಂಥ ಸಿಟ್ಟು ಬಂತೆಂದರೆ, ಎಲ್ಲರ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಈಗ ಯಾಕೆ? ಈಗ ಯಾರ ಸಲುವಾಗಿ? ಕೇಳಲಿಲ್ಲ. ಅವರನ್ನು ಇದೇ ಕ್ರಾಸಿನಲ್ಲಿ ಇಳಿಸಿದವಳು ನಾನು.

ಬಸ್ಸು ಬಂತು. ಎಲ್ಲರೂ ಹತ್ತಿದರು, ನಿಲ್ಲಲೂ ಜಾಗವಿಲ್ಲ. ಬಾಗಿಲ ಹತ್ತಿರದ ಸೀಟಿನಲ್ಲಿ ನನ್ನನ್ನು ಕೂಡಿಸಿದರು. ಕಿಟಕಿಯ ಬದಿಯ ಜಾಗದಲ್ಲಿ ಯಾರೂ ಕೂರಲಿಲ್ಲ. ಹುಲಗೇಶ ಹಿಂದಿನಿಂದ ಟಿಕೆಟ್ಟು ಹರಿಯುತ್ತ ಬಂದ. ಆಧಾರ ಕಾರ್ಡು ನೋಡಲೂ ಇಲ್ಲ. "ಎಲ್ಲಿಗಿ?" ಎಂದು ಕೇಳುತ್ತಿದ್ದ, ಒಬ್ಬೊಬ್ಬಳೂ "ಸವಣೂರ" ಅನ್ನುತ್ತಿದ್ದಳು. ಸವಣೂರ, ಸವಣೂರ, ಸವಣೂರ. ಎಂಟು ತಿಂಗಳಲ್ಲಿ ಬೀಳದಿದ್ದ ಟಿಕೆಟ್ಟು ಅಷ್ಟೂ ಒಂದೇ ಬೆಳಿಗ್ಗೆ ಬಿದ್ದವು.

ನನ್ನ ಮುಂದೆ ಬಂದು ನಿಂತ. "ಎಲ್ಲಿಗ್ರಿ ಅಕ್ಕಾರ?"

"ಸವಣೂರ, ಎರಡು" ಅಂದೆ.

ಬಾಯಿಗೆ ರೂಢಿಯಾಗಿತ್ತು, ಬಂದುಬಿಟ್ಟಿತು. ಹುಲಗೇಶ ಯಂತ್ರದ ಮೇಲೆ ಬೆರಳಿಟ್ಟು ನಿಂತ. ನನ್ನ ಪಕ್ಕದ ಸೀಟು ನೋಡಿದ. ಆಮೇಲೆ ಒಂದೇ ಟಿಕೆಟ್ಟು ಹರಿದು ನನ್ನ ಕೈಗೆ ಕೊಟ್ಟು ಮುಂದೆ ಹೋದ.